ಬೂಟು ಬಿಚ್ಚದವಳು

ನನ್ನ ಎಡಗಾಲು ಚಿಕ್ಕಂದಿನ ಜ್ವರಕ್ಕೆ ಹೋಯಿತು. ಈಗ ನಾನು ನಡೆಯುವುದು ಕಬ್ಬಿಣದ ಮೇಲೆ. ತೊಡೆಯಿಂದ ಕೆಳಗೆ ಎರಡು ಸಲಾಕೆ, ನಡುನಡುವೆ ತೊಗಲಿನ ಪಟ್ಟಿ, ಸಲಾಕೆಗಳ ತುದಿ ಸೇರುವುದು ಬೂಟಿನ ಹಿಮ್ಮಡಿಗೆ. ಆಸ್ಪತ್ರೆಯವರು ಇದನ್ನು ಕ್ಯಾಲಿಪರ್ ಎನ್ನುತ್ತಾರೆ. ಬೂಟು ಬಿಚ್ಚಿದರೆ ಕ್ಯಾಲಿಪರ್ ಇಲ್ಲ, ಕ್ಯಾಲಿಪರ್ ಇಲ್ಲದಿದ್ದರೆ ನಾನು ನೆಲದ ಮೇಲೆ ಕೂತ ಮೂಟೆ. ಇಷ್ಟು ಸರಳ ಸಂಗತಿ ನಮ್ಮ ಸಂಘದವರ ತಲೆಗೆ ಹೋಗಲಿಲ್ಲವಲ್ಲ ಎನ್ನುವುದೇ ನನ್ನ ಸಿಟ್ಟು.

ಸಂಘ ಎಂದರೆ ನಮ್ಮ ಊರ ಕಡೆಯಿಂದ ಬಂದ ಹೋಟೆಲಿನವರು ಈ ಶಹರದ ಫೋರ್ಟ್ ಭಾಗದಲ್ಲಿ ಸೇರಿ ಕಟ್ಟಿದ್ದು. ನನ್ನ ಗಂಡ ಕಾಂತಪ್ಪ ದೋಸೆ ಹೊಯ್ಯುವ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಅದರ ಹಾಲ್. ಶನಿವಾರ ಸಂಜೆ ಅಲ್ಲಿ ಭಜನೆ, ದಿನಾ ಬೆಳಿಗ್ಗೆ ಅದೇ ಹಾಲಿನಲ್ಲಿ ಧರ್ಮದ ದವಾಖಾನೆ. ದೇವರ ಫೋಟೊ ಇರುವ ಜಾಗವೆಂದು ಚಪ್ಪಲಿ, ಬೂಟು ಎಲ್ಲ ಮೆಟ್ಟಿಲ ಕೆಳಗೇ ಬಿಡಬೇಕು. ನಿಯಮ ಒಳ್ಳೆಯದೇ. ಅದನ್ನು ಮಾಡುವಾಗ ನನ್ನಂಥವಳೊಬ್ಬಳು ಇದ್ದಾಳೆ ಎಂದು ಒಬ್ಬರಿಗೂ ನೆನಪಾಗಲಿಲ್ಲ, ಅಷ್ಟೆ.

ಹಿಂದಿನ ವಾರ ಮಗಳು ಪ್ರಫುಲ್ಲಾಳಿಗೆ ಜ್ವರ ಬಂದಾಗ ಸಂಘದವರು ಹೇಳಿದ ಹಾಗೆ ನಾನು ಕೇಳಿದ್ದೆ. ಮೆಟ್ಟಿಲ ಕೆಳಗೆ ಕೂತೆ. ಸಂಘದ ಸೆಕ್ರೆಟರಿ ಶೇಖರಣ್ಣ ಮಗುವನ್ನು ಎತ್ತಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ತಂದರು. ಹಾಲು ಕುಡಿಯುತ್ತದೆಯೇ, ನಿದ್ದೆ ಮಾಡುತ್ತದೆಯೇ ಎಂದು ಡಾಕ್ಟರು ಕೇಳಿದ್ದಕ್ಕೆಲ್ಲ ಶೇಖರಣ್ಣ ಹೌದು ಹೌದು ಎಂದು ತಲೆಯಾಡಿಸಿದರಂತೆ. ಮದುವೆಯೇ ಆಗದ ಮನುಷ್ಯ! ನನ್ನ ಮಗು ನಿದ್ದೆ ಮಾಡುತ್ತದೋ ಬಿಡುತ್ತದೋ ಇವರಿಗೇನು ಗೊತ್ತು? ಸಿಕ್ಕಿದ್ದು ಹೊಟ್ಟೆಯ ಮದ್ದು. ಮಗು ಬಾಯಿ ಮುಚ್ಚದೆ ಅತ್ತಿತು, ಜ್ವರ ಏರಿತು, ಕಡೆಗೆ ಅಳುವುದಕ್ಕೂ ತ್ರಾಣವಿಲ್ಲದೆ ನನ್ನ ಹೆಗಲಿಗೆ ಒರಗಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ದೊಡ್ಡ ಆಸ್ಪತ್ರೆಯ ಕ್ಯೂನಲ್ಲಿ ಹೊತ್ತುಗಟ್ಟಲೆ ನಿಲ್ಲಲು ಈ ಕಾಲಿಗಾಗುವುದಿಲ್ಲ. ಮಲಾಡಿನ ಚಾಲಿನ ನಮ್ಮ ಒಂದು ಕೋಣೆಯ ಮನೆಯಿಂದ ಹೊರಟು, ಮಗುವನ್ನು ಎದೆಗೆ ಕಟ್ಟಿಕೊಂಡು ಲೋಕಲ್ ರೈಲು ಹತ್ತಿ, ಮತ್ತೆ ಅದೇ ಮೆಟ್ಟಿಲ ಬುಡಕ್ಕೆ ಬಂದು ನಿಂತೆ. ಈ ಸಲ ಮಗುವನ್ನು ಯಾರ ಕೈಗೂ ಕೊಡುವುದಿಲ್ಲ ಎಂದು ಗಾಡಿಯಲ್ಲೇ ನಿಶ್ಚಯಿಸಿದ್ದೆ.

“ಬೂಟು ಇಲ್ಲೇ ಬಿಡು ವಿನೋದಿನಿ. ಮಗುವನ್ನು ಕೊಡು, ನಾನು ತೋರಿಸಿಕೊಂಡು ಬರ್ತೇನೆ,” ಎಂದರು ಶೇಖರಣ್ಣ.

“ಇದು ಬೂಟಲ್ಲ ಶೇಖರಣ್ಣ, ನನ್ನ ಕಾಲು. ನಾನೇ ಹೋಗ್ಬೇಕು.”

“ದೇವರ ಎದುರು ತೊಗಲು ಮೆಟ್ಟಿಕೊಂಡು ಹೋಗ್ಲಿಕ್ಕೆ ಉಂಟಾ? ನಾಳೆ ಇನ್ನೊಬ್ಬ ಬರ್ತಾನೆ. ಅವನನ್ನೂ ಬಿಡ್ಬೇಕಾ?”

“ಅವನಿಗೂ ಕಾಲಿಲ್ಲದಿದ್ರೆ ಬಿಡಿ.”

“ಖಾಲಿ ಪೀಲಿ ವಾದ ಬೇಡ ಮಾರಾಯ್ತಿ. ಅದನ್ನು ಬಿಚ್ಚಿಡು, ಕಿಚನಿನಿಂದ ಇಬ್ಬರನ್ನು ಕರೀತೇನೆ. ಅರೆಯುವ ಕಲ್ಲನ್ನೇ ಹೊತ್ತವರು, ನಿನ್ನನ್ನು ಹೊರಲಿಕ್ಕೆ ಎಂತ?”

ಹೊತ್ತದ್ದೂ ಆಗಿತ್ತು. ದವಾಖಾನೆಯ ಉದ್ಘಾಟನೆಯ ದಿನ ಹೀಗೇ ಹೊತ್ತು ತಂದು ಹಾಲಿನ ಮೂಲೆಯಲ್ಲಿ ಇಳಿಸಿದರು. ಜನ ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ ಊಟಕ್ಕೆ ಹೋದರು, ನನ್ನನ್ನು ಇಳಿಸಬೇಕೆನ್ನುವುದನ್ನು ಮರೆತರು. ಕ್ಯಾಲಿಪರ್ ಕೆಳಗೆ, ನಾನು ಮೇಲೆ. ಆ ಮರ್ಯಾದೆ ನನಗೆ ಒಮ್ಮೆಗೇ ಸಾಕಾಗಿತ್ತು.

ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಮೆಟ್ಟಿಲು ಕಿರಿದು. ಕಬ್ಬಿಣದ ಕಾಲನ್ನು ಅಡ್ಡಕ್ಕೆ ಚಾಚಿದೆ, ಬೂಟು ಎದುರಿನ ಗೋಡೆಗೆ ತಾಗಿತು. ಮಗುವನ್ನು ಆ ಕಾಲಿನ ಮೇಲೆ ಮಲಗಿಸಿಕೊಂಡೆ. ಈಗ ಮೇಲೆ ಹೋಗುವವರು ನಮ್ಮಿಬ್ಬರನ್ನೂ ದಾಟಿಯೇ ಹೋಗಬೇಕು. ಮಲಗಿದ ಮಗುವನ್ನು ದಾಟಿದರೆ ಅದು ಬೆಳೆಯುವುದಿಲ್ಲ ಎಂದು ನಮ್ಮಲ್ಲಿ ಪ್ರತಿಯೊಬ್ಬ ಅಜ್ಜಿಯೂ ಹೇಳಿ ಬೆಳೆಸಿದ್ದಾಳೆ. ನಾನೂ ಅದನ್ನು ನಂಬಿದವಳೇ. ಯಾರೂ ದಾಟಲಾರರು ಎಂಬ ಧೈರ್ಯ ಬಂದದ್ದೂ ಅದರಿಂದಲೇ.

ಮೊದಲು ಬಂದವರು ಕೆಮ್ಮಿನ ವಾರಿಜಕ್ಕ. ಸೀರೆಯ ನೆರಿಗೆ ಎತ್ತಿಕೊಂಡರು, ಪಾದ ಎತ್ತಿದರು, ಮಗುವಿನ ಮುಖ ನೋಡಿ ಹಾಗೆಯೇ ಇಳಿಸಿದರು.

“ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ರೆ, ಪಾಪ ತಟ್ತದೆ,” ಎಂದು ಪಕ್ಕಕ್ಕೆ ನಿಂತರು.

ಅವರ ಹಿಂದೆ ಬಂದವರೂ ನಿಂತರು. ಸಾಲು ಬೆಳೆದು ಫುಟ್‌ಪಾತಿಗೆ ಹೋಯಿತು. ಕೊನೆಗೆ ಶೇಖರಣ್ಣನೇ ಪಂಚೆ ಎತ್ತಿ ಕಟ್ಟಿ ಬಂದರು. ಅವರ ಕಾಲೂ ಮೇಲೇಳಲಿಲ್ಲ. ಬೂಟಿಗೆ ಹೆದರುವ ಮನುಷ್ಯ ಇದಕ್ಕೆ ಹೆದರದೆ ಇರುತ್ತಾರೆಯೇ! ಸಿಟ್ಟಿನಿಂದ ಅಡುಗೆಮನೆಗೆ ಹೋಗಿ ನನ್ನ ಗಂಡನನ್ನು ಕರೆತಂದರು.

“ಏಳು ಮಾರಾಯ್ತಿ,” ಎಂದರು ಅವರು, ಹಿಟ್ಟಿನ ಕೈಯನ್ನು ಹೆಗಲ ಮೇಲಿನ ಬೈರಾಸಕ್ಕೆ ಒರೆಸುತ್ತ. “ಧಣಿಗಳಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗ್ತದೆ.”

“ಮಗುವಿನ ಕಿವಿಯ ಹಿಂದೆ ಕೈ ಇಟ್ಟು ನೋಡಿ. ಆಮೇಲೆ ಏಳು ಅನ್ನಿ.”

ಅವರು ಬಗ್ಗಿ ಮುಟ್ಟಿದರು. ಅಲ್ಲಿ ಊತವಿತ್ತು, ಬಿಸಿಯಿತ್ತು. ಮುಖ ಸಪ್ಪಗಾಯಿತು. ಮತ್ತೆ ಏಳು ಎನ್ನಲಿಲ್ಲ. ಒಳಗಿನಿಂದ ದೋಸೆಗೆ ಕರೆಯ ಮೇಲೆ ಕರೆ ಬರುತ್ತಿದ್ದರೂ ನನ್ನ ಪಕ್ಕದ ಗೋಡೆಗೆ ಒರಗಿ ನಿಂತೇ ಇದ್ದರು.

ಒಬ್ಬ ರೋಗಿಯೂ ಮೇಲೆ ಬಾರದ್ದನ್ನು ಕಂಡು ಡಾಕ್ಟರ್ ಜಯಸಿಂಹ ತಾವೇ ಇಳಿದು ಬಂದರು. ಮೈಸೂರಿನ ಕಡೆಯವರು, ಸೂಟು ಹಾಕಿದ ಸಾಧು ಮನುಷ್ಯ.

“ಏನಮ್ಮ ಇದು? ಯಾಕೆ ಹೀಗೆ ಕೂತಿದೀಯಾ?”

ನಾನು ಅವರ ಮುಖ ನೋಡಲಿಲ್ಲ. ನನ್ನ ಕಣ್ಣ ಎತ್ತರಕ್ಕೆ ಇದ್ದದ್ದು ಅವರ ಪಾದ. ಪಾಲಿಶ್ ಹಾಕಿದ ಕರಿಯ ಬೂಟು, ಲೇಸು ಕಟ್ಟಿದ್ದು, ಆಗ ತಾನೇ ದೇವರ ಹಾಲಿನಿಂದ ನಡೆದು ಬಂದದ್ದು.

“ಡಾಕ್ಟ್ರೆ, ನೀವು ಬೂಟು ಬಿಚ್ಚಲಿಲ್ವಾ?” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಶೇಖರಣ್ಣನಿಗೆ ಅರ್ಥವಾಯಿತು. “ಅವರು ಡಾಕ್ಟರಲ್ವಾ!” ಎಂದರು.

“ಹಾಗಾದ್ರೆ ದೇವರಿಗೆ ತೊಂದ್ರೆ ಬೂಟಿನಿಂದ ಅಲ್ಲ ಶೇಖರಣ್ಣ. ನನ್ನಿಂದ.”

ದಿನಾ ಆ ಬೂಟನ್ನು ಕಂಡವರೇ ಎಲ್ಲರೂ. ಡಾಕ್ಟರು ನನ್ನ ಕಾಲು ನೋಡಿದರು, ತಮ್ಮ ಕಾಲು ನೋಡಿಕೊಂಡರು, ಕಿವಿಯವರೆಗೆ ಕೆಂಪಾದರು.

“ಕೊಡಮ್ಮ, ಮಗೂನ ಇಲ್ಲೇ ನೋಡ್ಬಿಡ್ತೀನಿ,” ಎಂದು ಬಗ್ಗಿದರು.

ಸುಳ್ಳೇಕೆ, ನನ್ನ ಕೈ ಮುಂದೆ ಹೋಗಿಯೇ ಬಿಟ್ಟಿತ್ತು. ಮಗು ಬಿಸಿ ಕಾವಲಿಯಾಗಿತ್ತು. ಆದರೆ ಆ ಮೆಟ್ಟಿಲ ಕೆಳಗೆ ಹಗಲಲ್ಲೂ ಕತ್ತಲೆ.

“ಇಲ್ಲಿ ಕಿವಿಯೊಳಗೆ ಎಂತ ಕಾಣ್ತದೆ ಡಾಕ್ಟ್ರೆ? ಬೆಳಕು ಮೇಲುಂಟು. ನಾನೂ ಮೇಲೆ ಬರ್ತೇನೆ.”

“ಬಾಮ್ಮ,” ಎಂದರು ಅವರು. “ಶೇಖರ್, ದಾರಿ ಬಿಡಿ.”

ಗಂಡ ಮಗುವನ್ನು ಎತ್ತಿಕೊಂಡರು. ನಾನು ಎರಡು ಕೈಯಲ್ಲೂ ಮೆಟ್ಟಿಲ ಬದಿಯ ಕಟಾಂಜನ ಹಿಡಿದು ಹತ್ತಿದೆ. ಪ್ರತಿ ಮೆಟ್ಟಿಲಿಗೂ ಕಬ್ಬಿಣ ಸದ್ದು ಮಾಡಿತು. ಮಾಡಲಿ ಎಂದುಕೊಂಡೆ. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ.

ಕಿಟಕಿಯ ಬೆಳಕಿನಲ್ಲಿ ಡಾಕ್ಟರ್ ಕೇಳುತ್ತ ಹೋದರು. ನಾನು ಹೇಳುತ್ತ ಹೋದೆ. ಎಡಗಡೆಯಿಂದ ಕರೆದರೆ ತಿರುಗುತ್ತಾಳೆ, ಬಲಗಡೆಯಿಂದ ಕರೆದರೆ ಇಲ್ಲ. ಹಾಲಿಗೆ ಬಾಯಿ ಹಾಕಿದ ಕೂಡಲೇ ನರಳಿ ಬಿಟ್ಟುಬಿಡುತ್ತಾಳೆ. ಬಲಮಗ್ಗುಲಿಗೆ ಮಲಗಿಸಿದರೆ ನಿದ್ದೆಯಿಲ್ಲ. ದಿಂಬಿನ ಮೇಲೆ ಹಳದಿ ಕಲೆ.

“ಹೋದ ವಾರ ಇದನ್ನ ಯಾರೂ ನಂಗೆ ಹೇಳ್ಲಿಲ್ವಲ್ಲ!”

“ಹೇಳುವವಳನ್ನು ಕೆಳಗೆ ಕೂರಿಸಿದ್ರು.”

ಅವರು ತಲೆ ತಗ್ಗಿಸಿದರು. ಕಿವಿಯಲ್ಲಿ ಕೀವು ಕಟ್ಟಿ ಹಿಂದಿನ ಎಲುಬಿಗೆ ಇಳಿಯುತ್ತಿತ್ತು. ಇನ್ನು ತಡವಾಗಿದ್ದರೆ ಮಗುವೇ ಉಳಿಯುತ್ತಿರಲಿಲ್ಲವಂತೆ. ಪೆನಿಸಿಲಿನ್ ಚುಚ್ಚಿದರು. ದಿನಾ ಚುಚ್ಚಬೇಕು, ಕೀವು ಅದಕ್ಕೆ ಬಗ್ಗದಿದ್ದರೆ ಆಪರೇಷನ್ ಎಂದರು. ಮಗು ಜೋರಾಗಿ ಅತ್ತಿತು. ಅಷ್ಟು ಜೋರಾಗಿ ಅದು ಅತ್ತದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು, ನನಗೂ ಅಳು ಬಂತು.

ಹೊರಡಲು ತಿರುಗಿದರೆ, ಬಾಗಿಲಿನಿಂದ ಇತ್ತ ಶೇಖರಣ್ಣ ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದರು. ನನ್ನ ಬೂಟಿನ ಗುರುತು ಇದ್ದಲ್ಲಿ ಮಾತ್ರ.

“ಶೇಖರಣ್ಣ, ನಾಳೆಯೂ ಇಂಜೆಕ್ಷನ್ ಉಂಟು, ನಾಡಿದ್ದೂ ಉಂಟು. ದಿನಾ ಬರ್ತೇನೆ,” ಎಂದೆ. “ಒರೆಸುವುದಿದ್ರೆ ನಾನು ಹೋದ ಮೇಲೆ ಒರೆಸಿ. ಒದ್ದೆಯಲ್ಲಿ ಈ ಕಾಲು ಜಾರ್ತದೆ.”

ಅವರು ಬಟ್ಟೆ ಹಿಡಿದುಕೊಂಡು ಎದ್ದು ನಿಂತರು. ನೆಲ ಒಣಗುವವರೆಗೂ ನಾನು ಅಲ್ಲೇ ದೇವರ ಎದುರು, ಬೂಟು ಹಾಕಿಕೊಂಡು ನಿಂತಿದ್ದೆ.