ಮೂರು ಬೆರಳು ಬಟ್ಟೆ

"ಉಸಿರು ಬಿಗಿ ಹಿಡೀಬೇಡ, ಬಿಡು," ಎಂದಳು ಅಕ್ಕ.

ತಂಗಿ ಉಸಿರು ಬಿಟ್ಟಳು. ಬೆನ್ನ ಮೇಲಿನ ಗುಂಡಿಗಳಲ್ಲಿ ಮೂರು ಸಲೀಸಾಗಿ ಸೇರಿದ್ದವು. ನಾಲ್ಕನೆಯದನ್ನು ಅಕ್ಕ ಎರಡು ಕೈಯಲ್ಲಿ ಎಳೆದು ನೋಡಿ ಬಿಟ್ಟುಬಿಟ್ಟಳು. ಒಂಬತ್ತು ವರ್ಷದ ಹಿಂದೆ, ತಂಗಿ ಹೊರದೇಶಕ್ಕೆ ದುಡಿಯಲು ಹೊರಡುವ ಮುಂಚಿನ ವಾರ, ಅಕ್ಕನೇ ಹೊಲಿದ ಉದ್ದನೆಯ ಹಸಿರು ಅಂಗಿ ಅದು. ಪೆಟ್ಟಿಗೆಯಲ್ಲಿ ಜಾಗ ಸಾಲದೆ ಉಳಿದುಹೋಗಿತ್ತು. ಅಂದಿನಿಂದ ಅಕ್ಕನ ಹೊಲಿಗೆ ಅಂಗಡಿಯ ಕಿಟಕಿಯಲ್ಲಿ, ಗಿರಾಕಿಗಳಿಗೆ ಮಾದರಿಯಾಗಿ ತೂಗಾಡಿಕೊಂಡಿದ್ದು, ಬಿಸಿಲು ಕುಡಿದು ಕುಡಿದು ಈಗ ಬಾಡಿದ ಎಲೆಯ ಬಣ್ಣಕ್ಕೆ ಬಂದಿತ್ತು.

"ದಪ್ಪ ಆಗಿದೀನಿ."

"ಅಂಗಿ ಸಣ್ಣ ಆಗಿದೆ ಅನ್ನು. ಒಳಗೆ ಬಟ್ಟೆ ಬಿಟ್ಟಿದೀನಿ, ಹೊಲಿಗೆ ಬಿಚ್ಚಿದರಾಯ್ತು. ನೀನು ಹೊರಡೋದರೊಳಗೆ ಮಾಡಿಕೊಡ್ತೀನಿ."

ಬಾಗಿಲ ಬೆಳಕಿಗೆ ಕೂತು ಒಂದು ಅಂಗಿಗೆ ಗುಂಡಿ ತೂರುವ ಕಾಜಾ ಹಾಕುತ್ತಿದ್ದ ಹೆಂಗಸು ಸೂಜಿಯಿಂದ ಕಣ್ಣೆತ್ತಲಿಲ್ಲ. "ಅಲ್ಲಿ ಬೆಣ್ಣೇಲೇ ಕೈ ತೊಳೀತಾರಂತೆ. ಹೌದಾ ವಿಮಾನದಕ್ಕಾ?"

"ಮೆಷಿನ್ ಮುಂದೆ ದಿನಕ್ಕೆ ಹತ್ತು ಗಂಟೆ ಕೂತರೆ ನೀನೂ ಹೀಗೇ ಆಗ್ತೀಯ," ಎಂದಳು ತಂಗಿ.

"ಕೂರೋಕೆ ಮೆಷಿನ್ ಕೊಟ್ಟರೆ ತಾನೇ."

ಅಕ್ಕ ಕೇಳಿಸಿದರೂ ಕೇಳಿಸದವಳಂತೆ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

ಅಂಗಡಿಯಲ್ಲಿ ಇದ್ದದ್ದು ಎರಡೇ ಹೊಲಿಗೆ ಯಂತ್ರ. ಒಂದು ಅಕ್ಕನದು. ಇನ್ನೊಂದು ತಂಗಿಯದು; ಅದರ ಮೇಲೆ ಹೂವಿನ ಬಟ್ಟೆಯ ಮುಸುಕು. ಅಕ್ಕ ವಾರಕ್ಕೊಮ್ಮೆ ಮುಸುಕು ತೆಗೆದು, ಎಣ್ಣೆ ಬಿಟ್ಟು, ಹತ್ತು ಸುತ್ತು ಖಾಲಿ ತುಳಿದು, ಮತ್ತೆ ಮುಚ್ಚುತ್ತಿದ್ದಳಂತೆ. ಹೊರಡುವಾಗ ತಂಗಿ ಹೇಳಿದ್ದು "ಎರಡೇ ವರ್ಷ" ಎಂದು. ಎರಡು ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು. ಅಕ್ಕ ಒಮ್ಮೆಯೂ ಲೆಕ್ಕ ಕೇಳಲಿಲ್ಲ. ಫೋನಿನಲ್ಲಿ ಪ್ರತಿ ಸಲವೂ "ಮೆಷಿನ್ ಚೆನ್ನಾಗಿದೆ" ಎಂದಷ್ಟೇ ಹೇಳುತ್ತಿದ್ದಳು, ಮನೆಯಲ್ಲಿ ಇನ್ನೊಂದು ಜೀವವಿದ್ದು ಅದರ ಆರೋಗ್ಯ ತಿಳಿಸುವ ಹಾಗೆ.

ಆ ದೇಶದವಳೇ ಆಗಿಬಿಡಲು ತಂಗಿ ಹಾಕಿದ್ದ ಅರ್ಜಿಗೆ ಎರಡು ತಿಂಗಳ ಹಿಂದೆ ಒಪ್ಪಿಗೆ ಬಂದಿತ್ತು. ಕಾಗದ ಈಗಲೂ ಅವಳ ಕೈಚೀಲದ ಒಳಜೇಬಿನಲ್ಲಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ, ಎದುರು ಕೂತು ಹೇಳಬೇಕು ಎಂದೇ ರಜೆ ಹಾಕಿ ಬಂದಿದ್ದಳು. ಬಂದ ದಿನ ಅಕ್ಕ ತುಂಬ ಖುಷಿಯಲ್ಲಿದ್ದಳು, ಹೇಳಲಾಗಲಿಲ್ಲ. ಮಾರನೆಯ ದಿನ ಅಕ್ಕನಿಗೆ ತಲೆನೋವು. ಆಮೇಲೆ ನೆಂಟರು. ಹೀಗೆ ಹನ್ನೊಂದು ದಿನ ಕಳೆದು, ಇನ್ನು ಮೂರು ದಿನ ಉಳಿದಿತ್ತು.

ಊರಿಗೆ ಬಂದರೆ ಸಾಕು ಎಂದು ಒಂಬತ್ತು ವರ್ಷ ಹಂಬಲಿಸಿದ್ದಳು. ಬಂದು ನಾಲ್ಕನೆಯ ದಿನವೇ, ತನ್ನ ಕೋಣೆಯ ಬೀಗದ ಕೈಯನ್ನು ಚೀಲದಲ್ಲಿ ಹುಡುಕಿ ಮುಟ್ಟಿ ನೋಡಿಕೊಂಡಳು. ಅಲ್ಲಿನ ಕೋಣೆ ಏನೂ ದೊಡ್ಡದಲ್ಲ; ಕಿಟಕಿ ತೆರೆದರೆ ಎದುರುಗೋಡೆ. ಆದರೆ ಅಲ್ಲಿ ಲೋಟ ಇಟ್ಟ ಜಾಗದಲ್ಲೇ ಇರುತ್ತದೆ. ಬಾಗಿಲು ಹಾಕಿಕೊಂಡರೆ ಯಾಕೆ ಹಾಕಿಕೊಂಡೆ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಹಾಸಿಗೆಯಿಂದ ಎದ್ದರೆ ಬೀದಿಗೆಲ್ಲ ಗೊತ್ತು. ನೋಡಲು ಬಂದವರೆಲ್ಲ ಬಾಗಿಲಲ್ಲೇ ನಿಂತು "ಗುರುತೇ ಸಿಗಲ್ಲ" ಅನ್ನುತ್ತಿದ್ದರು. ಆಮೇಲೆ ಒಳಗೆ ಬಂದು "ಏನೂ ಬದಲಾಗಿಲ್ಲ ಬಿಡು" ಅನ್ನುತ್ತಿದ್ದರು. ಎರಡು ಮಾತಿಗೂ ತಂಗಿ ನಗುತ್ತಿದ್ದಳು. ಎಷ್ಟು ದಿನ ಉಳಿಯಿತು ಎಂದು ಮನಸ್ಸು ತಾನಾಗಿ ಎಣಿಸುವುದು, ಎಣಿಸಿದ್ದಕ್ಕೆ ನಾಚಿಕೆಯಾಗುವುದು, ನಾಚಿಕೆ ಮುಚ್ಚಲು ಅಕ್ಕನ ಕೈಯಿಂದ ಪೊರಕೆ ಕಸಿದುಕೊಂಡು ಅಂಗಡಿ ಗುಡಿಸುವುದು — ಇದೇ ಅವಳ ದಿನಚರಿಯಾಗಿತ್ತು.

ಸಂಜೆ ಹಿತ್ತಲ ನಲ್ಲಿಯ ಹತ್ತಿರ ಕಾಜಾದವಳು ಅವಳನ್ನು ತಡೆದಳು. ಬೀದಿಯಲ್ಲಿ ಎಲ್ಲರಿಗೂ ಅವಳು ಕಾಜಾದವಳೇ. ಅಕ್ಕ ಮಾತ್ರ ಮೊಟಕುಮಾಡಿ "ಕಾಜಾ" ಎನ್ನುತ್ತಿದ್ದಳು. ಆರು ವರ್ಷದಿಂದ ಈ ಅಂಗಡಿಯಲ್ಲಿ ಗುಂಡಿ, ಕಾಜಾ, ಅಂಚು ಮಡಚುವುದು ಎಲ್ಲ ಅವಳದೇ ಕೈಕೆಲಸ.

"ವಿಮಾನದಕ್ಕಾ, ತಮಾಷೆ ಅಲ್ಲ, ಒಂದು ಮಾತು. ಊರಾಚೆ ಬಟ್ಟೆ ಫ್ಯಾಕ್ಟರಿಯವರು ಮೆಷಿನ್ ಕೆಲಸಕ್ಕೆ ಕರೆದಿದಾರೆ. ಸೋಮವಾರ ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು. ಬಸ್ಸಲ್ಲಿ ಹೋಗಿಬರೋದೇ ಮೂರು ಗಂಟೆ. ಇಲ್ಲೇ ಆ ಮೆಷಿನ್ ಮೇಲೆ ಕೂರಿಸು ಅಂತ ನಿಮ್ಮಕ್ಕನ್ನ ಕೇಳ್ದೆ. ಅದು ತಂಗೀದು, ಅವಳು ಬರ್ತಾಳೆ ಅಂದರು."

ತಂಗಿ ಬಗ್ಗಿ ನಲ್ಲಿ ನಿಲ್ಲಿಸಿದಳು.

"ಬರೋ ಹಾಗಿದ್ದರೆ ಬನ್ನಿ, ನಿಮ್ಮ ಜಾಗ, ನಾನ್ಯಾರು ಕೇಳೋಕೆ? ಬರಲ್ಲ ಅಂದರೆ ಬರಲ್ಲ ಅನ್ನಿ. ಮುಸುಕು ಹಾಕಿದ ಮೆಷಿನ್ ನೋಡ್ಕೊಂಡು ನಾನು ಎಷ್ಟು ವರ್ಷ ಸೂಜಿ ಚುಚ್ಚಲಿ?"

"ಹೇಳ್ತೀನಿ."

"ನನಗಲ್ಲ. ಅವರಿಗೆ."

ಮರುದಿನ ಬೆಳಿಗ್ಗೆ ಅಕ್ಕ ನೀಲಿ ದಾರ ತರಲು ಪೇಟೆಗೆ ಹೊರಟಳು. ಶಾಲೆ ತೆರೆಯುವ ವಾರ. ಹುಡುಗಿಯರ ಯೂನಿಫಾರಂ ಲಂಗಗಳನ್ನು ಕತ್ತರಿಸಿ ಮೇಜಿನ ಮೇಲೆ ಗುಡ್ಡೆ ಹಾಕಿದ್ದಳು. ಊರಿನಲ್ಲಿ ಈ ಅಂಗಡಿಗೆ ಹೆಸರು ಬಂದದ್ದೇ ಈ ಲಂಗಗಳಿಂದ. ಬೆಳೆಯುವ ಮಕ್ಕಳು; ಪಕ್ಕದ ಹೊಲಿಗೆಯ ಒಳಗೆ ಮೂರು ಬೆರಳು ಬಟ್ಟೆ ಬಿಟ್ಟೇ ಅಕ್ಕ ಹೊಲಿಯುವುದು. ವರ್ಷಕ್ಕೊಮ್ಮೆ ತಾಯಂದಿರು ಅದೇ ಲಂಗ ತಂದರೆ ಒಂದು ಬೆರಳು ಬಿಚ್ಚಿ ಕೊಡುತ್ತಿದ್ದಳು. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಬಟ್ಟೆ ಕಡುನೀಲಿ ಗೆರೆಯಾಗಿ ಉಳಿಯುತ್ತಿತ್ತು. ಆ ಗೆರೆ ಎಣಿಸಿ ಹುಡುಗಿ ಎಷ್ಟನೆಯ ಕ್ಲಾಸು ಎಂದು ಹೇಳಬಹುದಿತ್ತು.

"ಒಂದೆರಡು ಹೊಲಿಯೋಣ ಅನ್ನಿಸಿದರೆ ಹೊಲಿ," ಎಂದು ಮೆಟ್ಟಿಲ ಮೇಲೆ ನಿಂತು ಅಕ್ಕ ಹೇಳಿದಳು. "ಮೆಷಿನ್ನೂ ನಿನ್ನ ಮುಖ ನೋಡಲಿ."

ತಂಗಿ ಮುಸುಕು ತೆಗೆದಳು. ಸ್ಟೂಲಿನ ಎತ್ತರ, ತುಳಿಯುವ ಹಲಗೆಯ ಸವೆದ ಗುರುತು, ಬಲಗೈ ತಾಗುವಲ್ಲಿ ಎದ್ದುಹೋದ ಬಣ್ಣ, ಎಲ್ಲವೂ ಹಾಗೇ ಇತ್ತು. ಮೊದಲ ಲಂಗ ಹೊಲಿಯುವಾಗ ಕಾಲು ತಡವರಿಸಿತು. ಎರಡನೆಯದಕ್ಕೆ ಲಯ ಸಿಕ್ಕಿತು. ಬಾಗಿಲಲ್ಲಿ ಬೆಳಕು ಬಿದ್ದಿತ್ತು, ಯಾರೂ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿರಲಿಲ್ಲ. ಇಲ್ಲೇ ಇದ್ದರೆ ಏನಾಗುತ್ತಿತ್ತು, ಇದ್ದುಬಿಟ್ಟರೆ ಏನಾಗುತ್ತದೆ ಎಂದು ಕೂಡ ಒಂದು ಗಳಿಗೆ ಅನ್ನಿಸಿತು. ಬಂದ ಮೇಲೆ ಮೊದಲ ಸಲ ಅವಳು ದಿನಗಳನ್ನು ಮರೆತಿದ್ದಳು. ಅಕ್ಕ ಬರುವುದರೊಳಗೆ ಎಲ್ಲ ಮುಗಿಸಿ ಬೆರಗುಮಾಡಬೇಕು ಎಂದುಕೊಂಡು, ಹನ್ನೊಂದು ಲಂಗ ಹೊಲಿದು, ಮಡಚಿ, ಒಂದರ ಮೇಲೊಂದು ಇಟ್ಟಳು.

ಕಾಜಾದವಳು ಕೆಲಸಕ್ಕೆ ಬಂದು, ಚಪ್ಪಲಿ ಬಿಟ್ಟು, ಕೂರಲು ಹೋದವಳು ಹಾಗೇ ನಿಂತಳು. ಅವಳು ನೋಡುತ್ತಿದ್ದದ್ದು ಲಂಗಗಳನ್ನಲ್ಲ, ತಂಗಿಯ ಕಾಲಬಳಿಯ ಬುಟ್ಟಿಯನ್ನು.

"ಇದೇನು?"

ತಂಗಿಯೂ ಬಗ್ಗಿ ನೋಡಿದಳು. ಬುಟ್ಟಿಯ ತುಂಬ ನೀಲಿ ಪಟ್ಟಿಗಳು. ಉದ್ದನೆಯವು, ನೇರವಾದವು, ಮೂರು ಬೆರಳು ಅಗಲ.

ತಂಗಿ ದುಡಿಯುತ್ತಿದ್ದ ಹೊರದೇಶದ ಕಾರ್ಖಾನೆಯ ಯಂತ್ರಕ್ಕೆ ಪುಟ್ಟದೊಂದು ಅಲಗು ಇತ್ತು. ಹೊಲಿದುಕೊಂಡು ಹೋದ ಹಾಗೇ ಮಿಕ್ಕ ಬಟ್ಟೆಯನ್ನು ಕತ್ತರಿಸಿ ಬೀಳಿಸುತ್ತಿತ್ತು. ಒಳಗೂ ಹೊರಗಿನಷ್ಟೇ ಚೊಕ್ಕಟ ಇರಬೇಕು. ಒಂದು ನೂಲು ಮಿಕ್ಕಿದರೂ ಮೇಲ್ವಿಚಾರಕಿ ಹಿಂದಕ್ಕೆ ಎಸೆಯುತ್ತಿದ್ದಳು. ಈ ಯಂತ್ರಕ್ಕೆ ಅಲಗು ಇರಲಿಲ್ಲ. ಅದಕ್ಕೇ ಪ್ರತಿ ಹೊಲಿಗೆ ಮುಗಿದ ಕೂಡಲೆ ಅವಳ ಕೈ ತಾನಾಗಿ ಕತ್ತರಿ ಎತ್ತಿಕೊಂಡಿತ್ತು. ಹನ್ನೊಂದು ಲಂಗ, ಎರಡೆರಡು ಪಕ್ಕ. ಒಂದು ಸಲವೂ ಎಚ್ಚರವಾಗಿರಲಿಲ್ಲ.

"ನಾನೇನೂ ಹೇಳಲ್ಲ," ಎಂದಳು ಕಾಜಾದವಳು. ಅವಳ ದನಿಯಲ್ಲಿ ಕುಹಕ ಇರಲಿಲ್ಲ. "ಬುಟ್ಟಿ ಬೇಕಾದರೆ ಆಚೆ ಸುರಿದು ಬರ್ತೀನಿ. ಆದರೆ ಅವರು ಒಳಗೆ ಮುಟ್ಟಿ ನೋಡ್ತಾರೆ. ನೋಡದೆ ಒಂದು ಬಟ್ಟೇನೂ ಆಚೆ ಕಳಿಸಲ್ಲ."

"ಇರಲಿ ಬಿಡು."

ಅಕ್ಕ ಬೆವರು ಒರೆಸಿಕೊಳ್ಳುತ್ತ ಬಂದಳು. ಮಡಚಿಟ್ಟ ಲಂಗಗಳನ್ನು ಕಂಡು ಬಾಗಿಲಲ್ಲೇ ನಕ್ಕಳು. "ಅಬ್ಬಬ್ಬಾ! ಹನ್ನೊಂದೂ? ನನಗೆ ಎರಡು ದಿನದ ಕೆಲಸ. ಕಾಜಾ, ಕಲಿತುಕೋ. ಕೈ ಅಂದರೆ ಇದು."

ಕಾಜಾದವಳು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದಳು.

ಅಕ್ಕ ಮೇಲಿನ ಲಂಗ ಎತ್ತಿ ಬೆಳಕಿಗೆ ಹಿಡಿದಳು. ಹೊಲಿಗೆಯ ನೇರ ನೋಡಿದಳು, ತಲೆದೂಗಿದಳು. ಆಮೇಲೆ ಅದನ್ನು ಒಳಮಗ್ಗುಲಾಗಿಸಿ, ಪಕ್ಕದ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿದಳು. ಹೆಬ್ಬೆರಳು ಅರ್ಧದಲ್ಲಿ ನಿಂತಿತು. ಮತ್ತೆ ಮೇಲಿನಿಂದ ಶುರುಮಾಡಿತು. ಎರಡನೆಯ ಲಂಗ ತೆಗೆದುಕೊಂಡಳು, ಮೂರನೆಯದು ತೆಗೆದುಕೊಂಡಳು. ನಾಲ್ಕನೆಯದನ್ನು ಮುಟ್ಟಲಿಲ್ಲ.

"ಅಲ್ಲಿ ಹೀಗೇನಾ?"

"ಹೂಂ."

"ಮಕ್ಕಳು ಬೆಳೆದರೆ?"

"ಹೊಸದು ತಗೋತಾರೆ."

ಅಕ್ಕ ಕೈಯಲ್ಲಿದ್ದ ಲಂಗವನ್ನು ಹೊರಮಗ್ಗುಲಾಗಿಸಿದಳು. ಬೈದರೆ ಚೆನ್ನಾಗಿತ್ತು ಎಂದು ತಂಗಿಗೆ ಅನ್ನಿಸಿತು. ಚಿಕ್ಕವಳಿದ್ದಾಗ ಒಂದು ಹೊಲಿಗೆ ಓರೆಯಾದರೆ ಅಳತೆಪಟ್ಟಿಯಲ್ಲಿ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದವಳು ಇವಳೇ.

"ಗೊತ್ತಾಗಲಿಲ್ಲ ಅಕ್ಕ. ಬೇಕು ಅಂತ ಮಾಡಿಲ್ಲ. ಪಟ್ಟಿ ಎಲ್ಲಾ ಬುಟ್ಟೀಲೇ ಇದೆ, ಕೂತು ಮತ್ತೆ ಜೋಡಿಸ್ತೀನಿ."

"ಬೇಕು ಅಂತ ಮಾಡಿದ್ದರೆ ಬೈದು ಸರಿ ಮಾಡಬಹುದಿತ್ತು." ಅಕ್ಕ ಲಂಗವನ್ನು ಮತ್ತೆ ಮಡಚಿ, ಮಡಿಕೆಯನ್ನು ಅಂಗೈಯಿಂದ ಒತ್ತಿದಳು. "ಕೈ ತಾನಾಗೇ ಮಾಡಿದ್ದಕ್ಕೆ ಏನು ಮಾಡೋದು? ಜೋಡಿಸೋದೆಲ್ಲ ಬೇಡ. ಜೋಡಿಸಿದ್ದು ಎಲ್ಲಿದ್ದರೂ ಕಾಣತ್ತೆ."

ಅವಳು ಅಳತೆಯ ಪುಸ್ತಕ ತೆಗೆದು, ಹನ್ನೊಂದು ಹುಡುಗಿಯರ ಹಾಳೆಗಳನ್ನು ಹುಡುಕಿ, ಒಂದೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ "ಒಳಗೆ ಬಟ್ಟೆ ಇಲ್ಲ" ಎಂದು ಬರೆಯತೊಡಗಿದಳು. ಆರನೆಯ ಹಾಳೆಯಲ್ಲಿ, ತಲೆ ಎತ್ತದೆ ಕೇಳಿದಳು: "ಯಾವಾಗ ಹೇಳಬೇಕು ಅಂತಿದ್ದೆ?"

ಲಂಗದ ಮಾತಲ್ಲ ಇದು ಎಂದು ತಂಗಿಗೆ ಗೊತ್ತಾಯಿತು. "ನಿನಗೆ... ಹೇಗೆ?"

"ಹನ್ನೆರಡು ದಿನದಿಂದ ಬಾಯಿ ತೆಗೀತೀಯ, ನೀರು ಕುಡಿದು ಮುಚ್ಚುತೀಯ. ನಾನೇನು ಕುರುಡೀನಾ? ಅಲ್ಲೇ ಇದ್ದುಬಿಡೋಕೆ ಕಾಗದ ಬಂತಾ?"

"ಬಂತು."

"ಇನ್ನು ಅಲ್ಲೇ."

"ಹೂಂ."

"ಶನಿವಾರ ಹೇಳ್ತಿದ್ದೆಯೇನೋ. ವಿಮಾನದ ಮೆಟ್ಟಿಲು ಹತ್ತಿ, ಒಂದು ಕಾಲು ಒಳಗಿಟ್ಟು."

ಹೊರಗೆ ಸೈಕಲ್ಲೊಂದು ಬೆಲ್ಲು ಬಾರಿಸುತ್ತ ಹೋಯಿತು.

"ಅಲ್ಲಿ ನನಗೇನೂ ಸುಖ ಇಲ್ಲ ಅಕ್ಕ," ಎಂದಳು ತಂಗಿ. ಹೇಳುತ್ತಿರುವಾಗಲೇ ಅದು ಪೂರ್ತಿ ನಿಜವಲ್ಲ ಎಂದು ಅವಳಿಗೆ ಅನ್ನಿಸಿತು. "ಆದರೆ ಇಲ್ಲಿ ಬಂದರೆ... ಇಲ್ಲೂ ಆಗಲ್ಲ."

"ಸುಖ ಇಲ್ಲ ಅಂತ ನನ್ನ ಸಮಾಧಾನಕ್ಕೆ ಹೇಳಬೇಡ. ಇದ್ದರೆ ಇರಲಿ." ಅಕ್ಕ ಹನ್ನೊಂದನೆಯ ಹಾಳೆ ಮುಗಿಸಿ ಪುಸ್ತಕ ಮುಚ್ಚಿದಳು. ಮತ್ತೆ ಬಾಗಿಲ ಕಡೆ ತಿರುಗದೆಯೇ ಹೇಳಿದಳು: "ಕಾಜಾ, ಆ ಸ್ಟೂಲು ನಿನಗೆ ಎತ್ತರ ಆಗತ್ತೇನೋ ನೋಡು."

ಕಾಜಾದವಳು ಎದ್ದು ಬಂದಳು. ತಂಗಿ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು. ಸ್ಟೂಲಿನ ಮೇಲಿದ್ದ ನೀಲಿ ನೂಲುಗಳನ್ನು ಕಾಜಾದವಳು ಸೆರಗಿನಿಂದ ಒರೆಸಿದಳು, ಎತ್ತರ ಕಣ್ಣಳತೆಯಲ್ಲೇ ನೋಡಿದಳು. ಕೂರಲಿಲ್ಲ.

"ಸರಿಯಾಗತ್ತೆ ಅಕ್ಕಾ. ಸೋಮವಾರ ಕೂರ್ತೀನಿ," ಎಂದಳು. "ಅಲ್ಲೀವರೆಗೆ ಹಾಗೇ ಇರಲಿ."

ಶನಿವಾರ ಬೆಳಿಗ್ಗೆ ಎದ್ದಾಗ ಹಸಿರು ಅಂಗಿ ಇಸ್ತ್ರಿಯಾಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ತಂಗಿ ಹಾಕಿಕೊಂಡಳು. ಎಲ್ಲ ಗುಂಡಿಗಳೂ ಸೇರಿದವು. ಕಂಕುಳಿನಿಂದ ಕೆಳಗಿನ ಅಂಚಿನವರೆಗೆ, ಎರಡೂ ಪಕ್ಕದಲ್ಲಿ, ಬಿಚ್ಚಿದ ಬಟ್ಟೆ ಅಂಗಡಿಯಿಂದ ಆಗಷ್ಟೇ ತಂದಂತೆ ದಟ್ಟ ಹಸಿರಾಗಿ ಇಳಿದಿತ್ತು.

"ಕೈ ಕೆಳಗೆ ಬಿಟ್ಟಿದ್ದರೆ ಕಾಣಲ್ಲ," ಎಂದಳು ಅಕ್ಕ, ಭುಜದ ಸುಕ್ಕು ಎಳೆಯುತ್ತ. "ಇದ್ದಷ್ಟೂ ಬಿಚ್ಚಿಬಿಟ್ಟಿದೀನಿ. ಒಳಗೆ ಇನ್ನೇನೂ ಉಳಿದಿಲ್ಲ. ಇನ್ನು ಮೇಲೆ ದಪ್ಪ ಆಗಬೇಡ."

"ಆಗಲ್ಲ."

ಬಸ್ಸು ನಿಲ್ದಾಣದವರೆಗೂ ಅಕ್ಕ ಪೆಟ್ಟಿಗೆಯ ಒಂದು ಹಿಡಿ ಹಿಡಿದು ಬಂದಳು, ತಂಗಿ ಇನ್ನೊಂದು. ದಾರಿಯಲ್ಲಿ ಅಕ್ಕ ಹೇಳಿದ್ದೆಲ್ಲ ನೀರಿನ ಬಾಟಲಿಯ ಮುಚ್ಚಳದ ವಿಚಾರ, ಕಿಟಕಿ ಪಕ್ಕದ ಸೀಟಿನ ವಿಚಾರ. ಮೆಷಿನ್ ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ಬಸ್ಸು ಹೊರಟಿತು. ತಂಗಿ ಕಿಟಕಿಯ ಹೊರಗೆ ಕೈ ಚಾಚಿ, ಮೇಲೆತ್ತಿ ಬೀಸಿದಳು. ಕಂಕುಳ ಕೆಳಗಿನ ಹಸಿರು ಪಟ್ಟಿ ಬಿಸಿಲಿಗೆ ಬಂತು. ಅಕ್ಕ ಕೈ ಎತ್ತಲಿಲ್ಲ. ಅವಳು ತಂಗಿಯ ಮುಖವನ್ನೂ ನೋಡುತ್ತಿರಲಿಲ್ಲ. ಕಣ್ಣು ಕಿರಿದುಮಾಡಿ, ಹೊಲಿಗೆ ಎಲ್ಲಾದರೂ ಎಳೆಯುತ್ತಿದೆಯೇ ಎಂದು ನೋಡುತ್ತ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದಳು.