ಮೂರು ಮೂರ್ತಿ

ನರ್ಮದೆಯ ಪರಿಕ್ರಮೆಗೆ ಹೊರಟವರನ್ನು ದಾರಿಯ ಆಶ್ರಮಗಳಲ್ಲಿ ಎಷ್ಟು ಜನ ಎಂದು ಕೇಳುವುದಿಲ್ಲ. ‘ಎಷ್ಟು ಮೂರ್ತಿ?’ ಎಂದು ಕೇಳುತ್ತಾರೆ. ಈ ಮಾತು ನನ್ನ ಭಾವ ಹರಿವಲ್ಲಭ ಪಚೌರಿಯವರ ತಲೆಗೆ, ನದಿ ಹುಟ್ಟುವ ಅಮರಕಂಟಕದಲ್ಲೇ ಏರಿಬಿಟ್ಟಿತು. ಕರೇಲಿಯ ಶಾಲೆಯಲ್ಲಿ ಸಂಸ್ಕೃತ ಕಲಿಸಿ, ಬರೀ ಮನುಷ್ಯರಾಗಿ ನಿವೃತ್ತರಾಗಿದ್ದವರು ಒಂದೇ ಸಂಜೆಯಲ್ಲಿ ಮೂರ್ತಿಯಾದರು. ಮರುದಿನದಿಂದ ಅವರ ಚೀಲ ನನ್ನ ಹೆಗಲಿಗೆ ಬಂತು. ಮೂರ್ತಿ ಎಲ್ಲಾದರೂ ಚೀಲ ಹೊರುವುದುಂಟೇ? ಹೆಂಡತಿಯ ತಮ್ಮ ಎಂಬ ಪ್ರಾಣಿ ಇರುವುದೇ ಅದಕ್ಕೆ.

ನಿಜ ಹೇಳಬೇಕೆಂದರೆ ಈ ನಡಿಗೆ ಅವರದ್ದಲ್ಲ. ನನ್ನ ಅಕ್ಕ ರಾಮಕಲಿ ಮತ್ತು ಪಕ್ಕದ ಮನೆಯ ಫೂಲಾಬಾಯಿ, ಇಬ್ಬರೂ ಸೊಸೆಯಂದಿರಾಗಿ ಒಂದೇ ಬಾವಿಯಲ್ಲಿ ನೀರು ಸೇದುತ್ತಿದ್ದ ಕಾಲದಲ್ಲಿ ಕಟ್ಟಿಕೊಂಡ ಆಸೆ ಅದು. ನರ್ಮದಾ ತಾಯಿಯ ಜೊತೆ ಸಮುದ್ರದವರೆಗೆ ನಡೆಯಬೇಕು, ಹುಟ್ಟಿದ ಜಾಗದ ನೀರನ್ನು ಶೀಶೆಯಲ್ಲಿ ಒಯ್ದು ಸಮುದ್ರಕ್ಕೆ ಸುರಿಯಬೇಕು. ಮಕ್ಕಳ ಮದುವೆ, ಅತ್ತೆಯ ಕಾಯಿಲೆ, ಫೂಲಾಬಾಯಿಯ ಗಂಡನ ಸಾವು ಎಲ್ಲ ಮುಗಿದು, ಕೊನೆಗೆ ಇಬ್ಬರೂ ಶೀಶೆ ತೊಳೆದುಕೊಂಡಾಗ ಭಾವ ಎದ್ದು ನಿಂತರು. “ಹೆಂಗಸರಿಬ್ಬರೇ ಹೋದ್ರೆ ನಿಯಮ ಹೇಳೋರು ಯಾರು?”

ನಿಯಮವೇನು ಮರೆತುಹೋಗುವಷ್ಟು ದೊಡ್ಡದಲ್ಲ. ನದಿ ಸದಾ ಬಲಗಡೆ ಇರಬೇಕು, ಅದನ್ನು ಎಲ್ಲೂ ದಾಟಬಾರದು. ಸಮುದ್ರ ಸೇರಿದ ಮೇಲೆ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ವಾಪಸು ನಡೆಯಬೇಕು. ನಡುವೆ ದಾಟಿದರೆ ಪರಿಕ್ರಮೆ ಮುರಿಯಿತು, ಅಮರಕಂಟಕಕ್ಕೆ ಹೋಗಿ ಮೊದಲಿಂದ ಶುರುಮಾಡಬೇಕು. ಇಷ್ಟನ್ನು ಭಾವ ದಿನಾ ಬೆಳಗ್ಗೆ ಶ್ಲೋಕ ಸಮೇತ ಹೇಳುತ್ತಿದ್ದರು. ದಾರಿಯಲ್ಲಿ ಸಿಕ್ಕ ಸಾಧುಗಳಿಗೂ ಹೇಳುತ್ತಿದ್ದರು. ಒಬ್ಬ ನಾಗಾ ಬಾಬಾ ಅವರ ಪ್ರವಚನ ಕೇಳುತ್ತಲೇ ನಿದ್ದೆ ಹೋದ. ಅದನ್ನು ಭಾವ ಸಮಾಧಿ ಎಂದುಕೊಂಡರು.

ಹೋಶಂಗಾಬಾದ್ ದಾಟಿದ ಮೇಲೆ ಒಂದು ಮಧ್ಯಾಹ್ನ ಭಾವನಿಗೆ ಬಿಸಿ ಟಿಕ್ಕಡ ಬೇಕಾಯಿತು. ಕೆಂಡದ ಮೇಲೆ ಸುಟ್ಟ ದಪ್ಪ ರೊಟ್ಟಿ. ದಡದಲ್ಲಿ ಕಡ್ಡಿಯೂ ಇರಲಿಲ್ಲ. ಫೂಲಾಬಾಯಿ ಮಂಡಿ ಹಿಡಿದುಕೊಂಡು ಕುಂಟುತ್ತಾ ಹೋಗಿ, ಮರಳ ದಿಬ್ಬದ ಮೇಲೆ ಬಿದ್ದಿದ್ದ ಒಣ ಕಟ್ಟಿಗೆ ಹೊತ್ತು ತಂದಳು. ಭಾವ ಮೊದಲು ಟಿಕ್ಕಡ ತಿಂದರು, ತುಪ್ಪ ಹಾಕಿಸಿಕೊಂಡು ಇನ್ನೊಂದು ತಿಂದರು, ಕೈ ತೊಳೆದರು, ಆಮೇಲೆ ತೀರ್ಪು ಕೊಟ್ಟರು.

“ಫೂಲಾಬಾಯಿ, ನಿನ್ನ ಪರಿಕ್ರಮೆ ಮುರೀತು. ಆ ದಿಬ್ಬಕ್ಕೂ ದಡಕ್ಕೂ ನಡುವೆ ತಾಯಿಯ ಕವಲು ಇದೆ.”

“ಕವಲೆಲ್ಲಿ ಭಯ್ಯಾ? ಒಂದು ತೊಟ್ಟು ನೀರಿಲ್ಲ. ನನ್ನ ಕಾಲೂ ನೆನೀಲಿಲ್ಲ.”

“ನೀರಿಲ್ದಿದ್ರೂ ಅದು ತಾಯಿಯೇ. ಮರಳೂ ತಾಯಿಯೇ.”

ಅಕ್ಕ ಬೇಡಿಕೊಂಡಳು. “ನಿಮ್ಮ ಹೊಟ್ಟೆಗೆ ಅಂತ ಹೋದೋಳು ರೀ ಅವಳು.” ಶಾಸ್ತ್ರಕ್ಕೆ ಹೊಟ್ಟೆ ಇಲ್ಲ ಎಂದರು ಭಾವ, ತಮ್ಮ ಹೊಟ್ಟೆ ಸವರಿಕೊಳ್ಳುತ್ತಾ. ಮತ್ತೆ ಮೊದಲಿಂದ ನಡೆಯುವ ಮಂಡಿ ಫೂಲಾಬಾಯಿಗೆ ಇರಲಿಲ್ಲ. ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಊರಿನ ಬಸ್ಸು ಹತ್ತುವ ಮುಂಚೆ ಅವಳು ತನ್ನ ಶೀಶೆಯನ್ನು ಅಕ್ಕನ ಕೈಗಿಟ್ಟಳು. “ನನ್ನ ನೀರನ್ನಾದ್ರೂ ಸಮುದ್ರ ಮುಟ್ಟಿಸು ರಾಮಕಲಿ.” ಅಕ್ಕ ಅಳಲಿಲ್ಲ. ಎರಡು ಶೀಶೆಗಳನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡು ನಡೆದಳು. ಅಂದಿನಿಂದ ಗಂಡನೊಂದಿಗೆ ಅವಳ ಮಾತು ಉಪ್ಪು ಬೇಕಾ, ಸಾಕಾ ಎನ್ನುವುದಕ್ಕೆ ನಿಂತಿತು. ಭಾವ ಅದನ್ನು ಮೌನವ್ರತ ಎಂದು ಹೊಗಳಿದರು.

ಸಮುದ್ರ ಇನ್ನು ಕೆಲವೇ ದಿನದ ದಾರಿ ಎನ್ನುವಾಗ, ಗುಜರಾತಿನ ಬಿಸಿಲಿನಲ್ಲಿ ಕಲ್ಲಂಗಡಿ ಕಾಣಿಸಿತು. ನದಿಯೊಳಗಿನ ಮರಳು ದಿಬ್ಬದ ಮೇಲೆ ಬಳ್ಳಿ ಹಬ್ಬಿಸಿದ್ದ ಹೆಂಗಸೊಬ್ಬಳು ಒಂದು ಹಣ್ಣನ್ನು ಒಡೆದು, ಕೆಂಪಗಿನ ಹೋಳು ಎತ್ತಿ ಹಿಡಿದು ಕೂಗಿದಳು. “ನರ್ಮದೇ ಹರ್, ಬಾಬಾಜೀ! ತಿಂದ್ಕೊಂಡು ಹೋಗಿ!”

ನನ್ನನ್ನು ಕಳಿಸುವಷ್ಟು ತಾಳ್ಮೆಯೂ ಮೂರ್ತಿಗೆ ಉಳಿದಿರಲಿಲ್ಲ. ಪಂಚೆ ಎತ್ತಿ ಕಟ್ಟಿದರು, ತಗ್ಗಿನ ಮರಳಿಗಿಳಿದರು, ಆಚೆ ಹತ್ತಿದರು. ಚಕ್ಕಳಮಕ್ಕಳ ಹಾಕಿ ಕೂತು ಅರ್ಧ ಹಣ್ಣು ಮುಗಿಸಿ, ಗಡ್ಡದಲ್ಲಿ ರಸ ಇಳಿಸಿಕೊಂಡು ವಾಪಸು ಬರುವಾಗ ಅಕ್ಕ ದಡದಲ್ಲಿ ಕೋಲು ಊರಿ ನಿಂತಿದ್ದಳು.

“ನಡುವೆ ದಾಟಿದ್ದು ಏನದು?” ಎಂದಳು.

“ಯಾವುದು? ಅದಾ? ಬರೀ ಮರಳು.”

“ಫೂಲಾ ದಾಟಿದ್ದು?”

ಭಾವ ಗಡ್ಡ ಒರೆಸಿಕೊಂಡರು. “ಅದು ಬೇರೆ ಮರಳು.”

ಅಷ್ಟು ವರ್ಷದ ಸಂಸ್ಕೃತವನ್ನು ಹಿಂಡಿದರೆ ಬಂದದ್ದು ಇಷ್ಟು. ಆಮೇಲೆ ದನಿ ತಗ್ಗಿಸಿ ನನ್ನ ಕಡೆ ತಿರುಗಿದರು. “ನೀವಿಬ್ರೂ ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ ಕಣೋ ಬಲ್ಲೂ. ಇಷ್ಟು ದೂರ ಬಂದು...” ಅಕ್ಕ ಬಾಯಿ ಮುಚ್ಚಿಕೊಂಡೇ ನಡೆದಳು. ಭಾವ ನಿರಾಳವಾಗಿ ಮರುದಿನ ಬೆಳಗ್ಗೆ ಮತ್ತೆ ನಿಯಮ ಹೇಳಿದರು.

ಸಮುದ್ರದ ಬಾಯಿಯಲ್ಲಿರುವ ಆಶ್ರಮಕ್ಕೆ ಸಂಜೆ ತಲುಪಿದೆವು. ಹಲ್ಲಿಲ್ಲದ ಮುದುಕ ಮಹಂತರು ಬಾಗಿಲಲ್ಲೇ ಕೇಳಿದರು. “ಎಷ್ಟು ಮೂರ್ತಿ?”

ಉತ್ತರ ಹೇಳುವುದು ಯಾವಾಗಲೂ ಭಾವನ ಹಕ್ಕು. ಅವತ್ತು ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. “ಮೂರು.”

ಭಾವನ ಉಸಿರು ಇಳಿದದ್ದು ನನಗೆ ಕೇಳಿಸಿತು. ಮೂರು ಎಲೆ ಹಾಕಿದರು. ಒಂದರ ಮುಂದೆ ಅಕ್ಕ ಕೂತಳು, ಇನ್ನೊಂದಕ್ಕೆ ನನ್ನನ್ನು ಎಳೆದು ಕೂರಿಸಿದಳು. ಸೆರಗಿನ ಗಂಟು ಬಿಚ್ಚಿ, ಮೂರನೆಯ ಎಲೆಯ ಮುಂದೆ ಫೂಲಾಬಾಯಿಯ ಶೀಶೆಯನ್ನು ಇಟ್ಟಳು.

ಮಹಂತರು ಖಿಚಡಿಯ ಸೌಟು ಹಿಡಿದು, ನಿಂತೇ ಇದ್ದ ಭಾವನನ್ನು ನೋಡಿದರು. “ಹಂಗಾದ್ರೆ ಇವರು?”

“ನಮ್ಮ ಮನೆಯವರು. ಜೊತೆಗೆ ಬಂದಿದ್ದಾರೆ,” ಎಂದಳು ಅಕ್ಕ. “ಮಿಕ್ಕಿದ್ರೆ ಅವರಿಗೂ ಹಾಕಿ.”

ಮಿಕ್ಕಿತ್ತು. ಭಾವ ಕಂಬದ ಪಕ್ಕ ಕೂತು, ಒಂದು ಶ್ಲೋಕವನ್ನೂ ಹೇಳದೆ ತಿಂದರು.

ಬೆಳಗ್ಗೆ ಸಮುದ್ರದ ಉಬ್ಬರ ಬಂದಾಗ ದೋಣಿ ಸಿದ್ಧವಾಯಿತು. ನನ್ನ ಹೆಗಲು ಹಗುರವಾಗಿದೆ ಎನ್ನಿಸಿ ತಿರುಗಿದರೆ, ಭಾವ ತಮ್ಮ ಚೀಲವನ್ನು ತಾವೇ ಹೊತ್ತು ಕೆಸರಿನಲ್ಲಿ ನಿಂತಿದ್ದರು. ನಾವು ಹತ್ತಿ ಕೂತೆವು. ಅವರೊಬ್ಬರು ಹತ್ತಲಿಲ್ಲ.

“ಎಷ್ಟು ಮೂರ್ತಿ?” ಎಂದು ಅಂಬಿಗ ಕೂಗಿದ.

ಅಕ್ಕ ಗಂಡನ ಮುಖವನ್ನೇ ನೋಡಿದಳು. ಭಾವ ಅವಳ ಮಡಿಲಲ್ಲಿದ್ದ ಫೂಲಾಬಾಯಿಯ ಶೀಶೆ ನೋಡಿದರು.

“ಮೂರು,” ಎಂದರು, ದಡದಲ್ಲೇ ನಿಂತು.

ನೀರಿನ ಬಣ್ಣ ಬದಲಾದ ಕಡೆ ಅಕ್ಕ ಮೊದಲು ಫೂಲಾಬಾಯಿಯ ಶೀಶೆಯನ್ನು ಬಗ್ಗಿಸಿದಳು.