ಬಿರುಗಾಳಿಗೆ ಕೆತ್ತಿದ ನೆಲ

ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಕೆಲಸದವರು ನಾಲ್ವರು ಸೇರಿದರೆ ಇಂದಿಗೂ ಈ ಸಂಗತಿ ಹೊರಡುತ್ತದೆ. ಇಸವಿಯ ಬಗ್ಗೆ ಮಾತ್ರ ಎರಡು ಮಾತಿದೆ. ತೊಂಬತ್ತಾರು ಎನ್ನುವವರೇ ಹೆಚ್ಚು; ಮಂಟಯ್ಯನ ಹೆಂಡತಿ ಮಾದೇವಮ್ಮ ಮಾತ್ರ ಅದು ತೊಂಬತ್ತೇಳು, ಮನೆಯೊಳಗೆ ನಲ್ಲಿ ಹಾಕಿಸಿದ ವರ್ಷ, ಎಂದು ಸಾಧಿಸುತ್ತಾಳೆ. ಉಳಿದುದರಲ್ಲಿ ಭೇದವಿಲ್ಲ.

ಮಂಟಯ್ಯನ ಕೈಯ ನುಣುಪು ಊರಿಗೇ ಹೆಸರಾಗಿತ್ತು. ಬೀಟೆಯಲ್ಲಿ ಬಿಳಿ, ಹಳದಿ ಮರದ ಚೂರುಗಳನ್ನು ಕೂಡಿಸಿ ಅವನು ಉಜ್ಜಿದನೆಂದರೆ, ಕೂಡಿಸಿದ ಗೆರೆ ಕಣ್ಣಿಗೆ ಕಂಡೀತು, ಬೆರಳಿಗೆ ಸಿಕ್ಕದು. ಕೆಲಸ ಮುಗಿದ ಮೇಲೆ ಅರಳೆಯ ಎಳೆಯೊಂದನ್ನು ಹಲಗೆಯ ಮೇಲೆ ಎಳೆದು ನೋಡುವುದು ಅವನ ಗುರುಮನೆಯ ರೂಢಿ. ಎಳೆ ಎಲ್ಲಾದರೂ ತೊಡರಿದರೆ ಆ ಹಲಗೆ ಅಂಗಡಿಯ ಹೊಸ್ತಿಲು ದಾಟುವಂತಿರಲಿಲ್ಲ.

ಇಂಥವನ ಬಳಿಗೆ ವಿದ್ಯಾರಣ್ಯಪುರಂನಿಂದ ಪ್ರೇಮಲೀಲಾ ಎಂಬ ಭೌತಶಾಸ್ತ್ರದ ಅಧ್ಯಾಪಕಿ ಬಂದರು. ಅವರಿಗೆ ಬೇಕಾಗಿದ್ದುದು ದೊಡ್ಡದೊಂದು ಪಾತ್ರೆಯ ತಳಕ್ಕೆ ಕೂರುವ ದುಂಡು ಹಲಗೆ. ಅರ್ಧ ಕನ್ನಡಿಯಂತೆ ನುಣುಪು, ಅರ್ಧ ರಾಗಿಕಾಳಿನೆತ್ತರಕ್ಕೆ ಒರಟು.

"ಯಾವ ದೇವರಿಗೆ ಮೇಡಂ ಇದು?"

"ಬಿರುಗಾಳಿಗೆ ಮಂಟಯ್ಯನೋರೇ. ಧ್ರುವದ ಚಳಿಗೂ ನಮ್ಮ ಕಡೆಯ ಬಿಸಿಗೂ ನಡುವೆ, ಯೂರೋಪು, ಜಪಾನಿನಲ್ಲಿ ಏಳುತ್ತಲ್ಲ, ಅದಕ್ಕೆ. ಪಾತ್ರೆಯ ನಡುವೆ ಮಂಜುಗಡ್ಡೆ ಇಟ್ಟು, ಅಂಚು ಬಿಸಿ ಮಾಡಿ ತಿರುಗಿಸಿದರೆ ನೀರಲ್ಲಿ ಅಂಥವೇ ಸುಳಿ ಏಳ್ತವೆ. ನುಣುಪು ಅಂದ್ರೆ ಸಮುದ್ರ, ಒರಟು ಅಂದ್ರೆ ನೆಲ. ನೆಲಕ್ಕೆ ಉಜ್ಜಿಕೊಂಡಾಗ ಸುಳಿಗೆ ಏನಾಗುತ್ತೆ ಅಂತ ತೋರಿಸಬೇಕು. ಶನಿವಾರ ಪರೀಕ್ಷಕರು ಬರ್ತಾರೆ. ಅವರು ಒಪ್ಪಿದರೆ ಡಾಕ್ಟರೇಟು. ಇಲ್ದಿದ್ರೆ ಆರು ವರ್ಷದ ಕೆಲಸ ನೀರಿಗೆ ಹೋಯ್ತು."

"ಜಪಾನಿನ ಗಾಳಿಗೆ ಮಂಡಿ ಮೊಹಲ್ಲಾದ ನೆಲ," ಎಂದು ಮಾದೇವಮ್ಮ ಒಳಗಿನಿಂದಲೇ ನಕ್ಕಳು.

ಬುಧವಾರ ಮಂಟಯ್ಯ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಪ್ರಯೋಗಶಾಲೆಗೆ ತಾನೇ ಒಯ್ದ. ಪ್ರೇಮಲೀಲಾ ಬಟ್ಟೆ ಬಿಚ್ಚಿ ಅಂಚಿನಿಂದ ಅಂಚಿಗೆ ಅಂಗೈ ಆಡಿಸಿದರು. ಹಲಗೆ ಪೂರ್ತಿ ಮಿರುಗುತ್ತಿತ್ತು.

"ಒರಟು ಎಲ್ಲಿ?"

"ಹೇಳಿದ ಹಾಗೇ ಕೆತ್ತಿದ್ದೆ ಮೇಡಂ. ಅರಳೆ ತೊಡರೋ ಹಲಗೆ ಕಳಿಸೋಕೆ ಮನಸು ಬರಲಿಲ್ಲ. ಉಜ್ಜಿಬುಟ್ಟೆ."

ಅವರು ಗದರಲಿಲ್ಲ. ಹಲಗೆಯನ್ನು ಪಾತ್ರೆಯ ತಳಕ್ಕೆ ಬಿಗಿದು, ನೀರು ತುಂಬಿ, ಕರಗಿ ನೇರಳೆ ಎಳೆ ಬಿಡುವ ಹರಳುಗಳನ್ನು ಉದುರಿಸಿ ತಿರುಗಿಸಿದರು. ಎದ್ದ ಸುಳಿ ಸುತ್ತಿನ ಮೇಲೆ ಸುತ್ತು ಉರುಳಿತು, ಎಲ್ಲಿಯೂ ಸೋಲಲಿಲ್ಲ.

"ನೋಡಿ, ಎಲ್ಲ ಕಡೆಯೂ ಸಮುದ್ರವೇ. ಇದನ್ನ ತೋರಿಸಿದರೆ ನಾನು ಬರೆದದ್ದಕ್ಕೆ ಸಾಕ್ಷಿಯೇ ಇರಲ್ಲ."

ತನ್ನ ನುಣುಪು ಒಬ್ಬರ ಬಾಳಿಗೆ ಅಡ್ಡ ಬಂದುದು ಮಂಟಯ್ಯನಿಗೆ ಅದೇ ಮೊದಲು. ಹಲಗೆಯನ್ನು ಮರಳಿ ತಂದವನು ಗುರುವಾರವೆಲ್ಲ ಅರ್ಧವನ್ನು ಕೆತ್ತಿದ. ಆದರೆ ನಲವತ್ತು ವರ್ಷ ಪಳಗಿದ ಕೈ. ಉಳಿಯ ಏಟುಗಳು ಉತ್ತ ಹೊಲದಂತೆ ಸಾಲು ಹಿಡಿದವು. ಸಂಜೆ ಪ್ರಯೋಗಶಾಲೆಯಲ್ಲಿ ತಿರುಗಿಸಿ ನೋಡಿದರೆ ನೀರು ಆ ಸಾಲುಗಳ ಜಾಡಿನಲ್ಲೇ ಜಾರಿತು.

"ನೆಲಕ್ಕೆ ಸಾಲಿಲ್ಲ ಮಂಟಯ್ಯನೋರೇ. ಗುಡ್ಡ, ಕಾಡು, ಊರು, ಎಲ್ಲ ಅಡ್ಡಾದಿಡ್ಡಿ."

ಮನೆಯಲ್ಲಿ ಅವನು ಊಟ ಬಿಟ್ಟು ಕೂತುದನ್ನು ಕಂಡು ಮಾದೇವಮ್ಮ ಚುಚ್ಚಿದಳು: "ಕಲಿತ ಕೈ ಈಗ ಮರೀ ಅಂದ್ರೆ ಮರೆಯುತ್ತಾ? ಇನ್ನೊಂದು ಐತಲ್ಲ, ಕೂತು ತಿನ್ನೋ ಉಂಡಾಡಿ. ಅದಕ್ಕೆ ಕೊಡಿ ಉಳಿನಾ."

ಶುಕ್ರವಾರ ಮಂಟಯ್ಯ ಸಾಲುಗಳನ್ನು ಅಳಿಸಿ, ಉಳಿಯನ್ನು ಎಡಗೈಗೆ ಕೊಟ್ಟ. ಅದು ಒಂದೆಡೆ ಆಳ ಬಗೆಯಿತು, ಒಂದೆಡೆ ಜಾರಿತು, ಬಲಗೈಯ ಹೆಬ್ಬೆರಳನ್ನೂ ಕಚ್ಚಿತು. ಇಳಿಹೊತ್ತಿಗೆ ಅರ್ಧ ಹಲಗೆಯ ಮೇಲೆ ಎರಡು ಏಟು ಒಂದೇ ಕಡೆ ಮುಖ ಮಾಡಿರಲಿಲ್ಲ.

ಶನಿವಾರ ಪರೀಕ್ಷಕ ಸಿದ್ದಲಿಂಗಸ್ವಾಮಿಯವರು ಪಾತ್ರೆಯ ಮೇಲೆ ಬಾಗಿ ನಿಂತರು. ಸುಳಿ ನುಣುಪಿನ ಮೇಲೆ ನಿರಾಳವಾಗಿ ಉರುಳಿ ಬಂದು ಒರಟಿಗೆ ಕಾಲಿಟ್ಟಿತು. ಒಡನೆ ತಳದ ನೇರಳೆ ಎಳೆಗಳು ಒಳಕ್ಕೆ ಬಾಗಿ, ನಡುವಿಗೆ ನುಗ್ಗಿ, ಕಂಬದಂತೆ ಮೇಲೆದ್ದವು. ಸುಳಿಗೆ ಬಲ ಬಂತೆಂದೇ ಮಂಟಯ್ಯ ತಿಳಿದ. ನೋಡುತ್ತಿದ್ದಂತೆ ಅದು ಸಡಿಲಿ, ಬಣ್ಣವಾಗಿ ಹರಡಿಹೋಯಿತು.

"ನೆಲ ಗಾಳಿಯ ಕಾಲು ಹಿಡಿಯುತ್ತೆ," ಎಂದರು ಪ್ರೇಮಲೀಲಾ. "ತಡವರಿಸಿದ ಕೆಳಗಾಳಿ ನಡುವಿಗೆ ನುಗ್ಗಿ ಮೇಲೇಳುತ್ತೆ. ಮೋಡ, ಮಳೆಗೆ ಅದು ಒತ್ತಾಸೆ. ಹಾಗೆ ಎತ್ತುತ್ತಲೇ ಸುಳಿಯ ಕಸುವನ್ನೂ ಇಳಿಸಿಬಿಡುತ್ತೆ."

ಸಿದ್ದಲಿಂಗಸ್ವಾಮಿಯವರು ನೀರಿಗೆ ಕೈಯಿಟ್ಟು ಒರಟನ್ನು ಸವರಿದರು. "ಕೆತ್ತಿದವರ ಕೈಗೆ ಒಂದು ಕಡೆಗೆ ವಾಲು ಇದ್ದೇ ಇರುತ್ತೆ. ನೀರನ್ನ ನಡೆಸಿದ್ದು ಅದೇ ಅಲ್ಲ ಅಂತ ಹೇಗೆ ನಂಬಲಿ?"

ಪ್ರೇಮಲೀಲಾ ಮಂಟಯ್ಯನ ಕಡೆ ನೋಡಿದರು. ಅವನು ಬಾಗಿಲ ಬಳಿಯಿಂದ ಮುಂದೆ ಬಂದ.

"ಬಲಗೈಗೆ ವಾಲು ಇದೆ ಸ್ವಾಮಿ. ಇದು ಎಡಗೈದು. ಅದಕ್ಕೆ ನಾನು ಏನೂ ಕಲಿಸಿಲ್ಲ."

ಪರೀಕ್ಷಕರು ನಗಲಿಲ್ಲ. ವಾಲೇ ನಡೆಸಿದ್ದಾದರೆ ಈಗ ಬೇರೆ ಆಗಬೇಕು ಎಂದು, ಪಾತ್ರೆಯನ್ನು ಎದುರು ದಿಕ್ಕಿಗೆ ತಿರುಗಿಸಲು ಹೇಳಿದರು. ಸುಳಿ ಎದುರು ದಿಕ್ಕಿಗೇ ತಿರುಗುತ್ತ ಎದ್ದಿತು. ನುಣುಪಿನ ಮೇಲೆ ಬಾಳಿತು, ಒರಟಿನ ಮೇಲೆ ಮಡಿಯಿತು. ಮೂರು ಸಲ ನೋಡಿ ಅವರು ಒಪ್ಪಿಗೆಯ ಸಹಿ ಹಾಕಿದರು. ಹಾಕಿದ ಮೇಲೂ ಹೊರಡಲಿಲ್ಲ. ಇನ್ನೊಂದು ಸಲ ತಿರುಗಿಸಿ ಎಂದು, ಪಾತ್ರೆಯ ಬಳಿ ಮಂಟಯ್ಯನಿಗೆ ಜಾಗ ಬಿಟ್ಟು ನಿಂತರು.